ಕಾರಿನ ಡೌನ್‌ಪೇಮೆಂಟ್‌ಗೆ ಯಾವ ಕಾರ್ಡ್ ಉಜ್ಜಲಿ?

ಹೊಸ ಗಾಡಿ: ಬೆಂಗಳೂರಲ್ಲಿ ಹ್ಯಾಚ್‌ಬ್ಯಾಕ್ ಬುಕ್ ಮಾಡಿದೀನಿ. ಲೋನ್ ಆಗಿದೆ, ಕೈಯಿಂದ ಕಟ್ಬೇಕಾಗಿರೋದು 2.5 ಲಕ್ಷ. ದುಡ್ಡು ಅಕೌಂಟಲ್ಲೇ ಇದೆ. ಕ್ರೆಡಿಟ್ ಕಾರ್ಡ್ ಉಜ್ಜಿದ್ರೆ ಪಾಯಿಂಟ್ಸ್ ಬರತ್ತಲ್ಲಾ ಅಂತ ಆಸೆ. ಶೋರೂಂನವ್ರು ‘ಯಾವ ಕಾರ್ಡಾದ್ರೂ 2% ಎಕ್ಸ್‌ಟ್ರಾ’ ಅಂತಿದಾರೆ. ಕ್ರೆಡಿಟ್ಟಾ, ಡೆಬಿಟ್ಟಾ, ಸುಮ್ನೆ ಟ್ರಾನ್ಸ್‌ಫರ್ ಮಾಡ್ಲಾ?

ಲೆಕ್ಕದ ಮೇಷ್ಟ್ರು: 2.5 ಲಕ್ಷಕ್ಕೆ 2% ಅಂದ್ರೆ 5,000. ನಿಮ್ಮ ಕಾರ್ಡು ನೂರಕ್ಕೆ ಒಂದು ರೂಪಾಯಿ ಕೊಟ್ರೂ ಬರೋದು 2,500. ಆರ್‌ಟಿಜಿಎಸ್‌ನಲ್ಲಿ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ, 2020ರ ಡಿಸೆಂಬರ್‌ನಿಂದ ರಾತ್ರಿ-ಭಾನುವಾರನೂ ನಡೆಯತ್ತೆ. ಮುಗೀತು.

ಸ್ಟೇರಿಂಗ್ ಸೀನ: ‘ಮುಗೀತು’ ಅನ್ನೋಕೆ ನೀವ್ಯಾರು ಸಾರ್? ಐವತ್ತು ದಿನದ ತನಕ ಬಡ್ಡಿ ಇಲ್ದೆ ದುಡ್ಡು ನಿಮ್ಮತ್ರಾನೇ ಇರತ್ತೆ, ಅದಕ್ಕೆ ಬೆಲೆ ಇಲ್ವಾ? ನಾನು ಹೋದ ವರ್ಷ ಪೂರ್ತಿ ಕ್ರೆಡಿಟ್ ಕಾರ್ಡಲ್ಲೇ ಕಟ್ಟಿದೆ, ಒಂದು ಪೈಸೆ ಜಾಸ್ತಿ ಕೊಟ್ಟಿಲ್ಲ. ಕೌಂಟರ್ ಮುಂದೆ ಗಟ್ಟಿಯಾಗಿ ನಿಂತ್ಕೋಬೇಕು ಅಷ್ಟೇ. 2% ಕೇಳೋದೇ ಆರ್‌ಬಿಐ ರೂಲ್ಸಿಗೆ ವಿರುದ್ಧ.

ಲೆಕ್ಕದ ಮೇಷ್ಟ್ರು: ಐವತ್ತು ದಿನದ ಬೆಲೆನಾ? ಎಸ್‌ಬಿ ಅಕೌಂಟಿಗೆ 3% ಅಂತ್ಲೇ ಇಟ್ಕೊಳ್ಳಿ, ಸುಮಾರು ಸಾವಿರ ರೂಪಾಯಿ. ಒಂದು ಸಲ ಪೂರ್ತಿ ಬಿಲ್ ಕಟ್ದೆ ಮಿನಿಮಮ್ ಕಟ್ಟಿದ್ರೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಹತ್ರ ಜಡೀತಾರೆ.

ಧಾರವಾಡ ಪೇಡಾ: ‘ಆರ್‌ಬಿಐ ರೂಲ್ಸು’ ಅಂದ್ರಲ್ಲ ಸೀನಣ್ಣ, ಯಾವ ರೂಲ್ರೀ? 2017ರ ಡಿಸೆಂಬರ್ ಸುತ್ತೋಲೆ ಇರೂದು ಡೆಬಿಟ್ ಕಾರ್ಡಿಗೆ. ಎಂಡಿಆರ್, ಅಂದ್ರ ಕಾರ್ಡ್ ಉಜ್ಜಿದ್ದಕ್ಕ ಬ್ಯಾಂಕು ವ್ಯಾಪಾರಿ ಕಡೆ ಹಿಡಿಯೂ ಫೀ, ಗಿರಾಕಿ ತಲಿಗೆ ಕಟ್ಟಬಾರ್ದು ಅಂತ ಅದರಾಗ ಐತಿ. ದೊಡ್ಡ ವ್ಯಾಪಾರಿ ಮಷಿನ್‌ನಾಗ ಉಜ್ಜಿದ್ರ 0.9%, ಅದೂ ಒಂದು ಸ್ವೈಪಿಗೆ ಹೆಚ್ಚಂದ್ರ 1,000 ರೂಪಾಯಿ. ಡೆಬಿಟ್ಟಿಗೂ 5,000 ಕೇಳಿದ್ರ ಉಳದ 4,000 ಯಾರ ಕಿಸೇಕ್ಕ ಹೊಕ್ಕತಿ? ಕ್ರೆಡಿಟ್ ಕಾರ್ಡಿಗೆ ಆ ಮಿತಿನೇ ಇಲ್ಲ.

ಜಿಎಸ್‌ಟಿ ಗೌಡ್ರು: 1,000 ಅಲ್ಲ, 1,180. ಎಂಡಿಆರ್ ಮೇಲೆ 18% ಜಿಎಸ್‌ಟಿ ಇದೆ. ಅರ್ಧ ತಿಳ್ಕೊಂಡು ಪಾಠ ಮಾಡಬೇಡಿ.

ಧಾರವಾಡ ಪೇಡಾ: ನಾ ಎಂಡಿಆರ್ ಮಿತಿ ಹೇಳೀನ್ರೀ, ತೆರಿಗಿ ಅಲ್ಲ. ಆ 180 ಡೀಲರ್‌ಗೆ ಇನ್‌ಪುಟ್ ಕ್ರೆಡಿಟ್ ಆಗಿ, ಅಂದ್ರ ಅವ ಕಟ್ಟೂ ಜಿಎಸ್‌ಟಿಯಾಗ ವಜಾ ಆಗಿ, ವಾಪಸ್ ಬರ್ತೈತಿ. ಹೆಸರಿನ್ಯಾಗ ಜಿಎಸ್‌ಟಿ ಇಟ್ಕೊಂಡವ್ರಿಗೆ ಇಷ್ಟೂ ಗೊತ್ತಿಲ್ಲೇನು?

ಜಿಎಸ್‌ಟಿ ಗೌಡ್ರು: ಹೆಸರಿನ ಸುದ್ದಿ ಬೇಡ. ಕ್ರೆಡಿಟ್ ಆಮೇಲೆ ಬರತ್ತೆ. ಬ್ಯಾಂಕು ಅವತ್ತು ಹಿಡ್ಕೊಳ್ಳೋದು 1,180.

ಕುಡ್ಲ ಕೊಡೆ: ಮಾರಾಯ್ರೆ, ರುಪೇ ಡೆಬಿಟ್ ಆದ್ರೆ 2020ರ ಜನವರಿಯಿಂದ ಎಂಡಿಆರ್ರೇ ಇಲ್ಲ. ಅವರಿಗೆ ರುಪೇ ಕಾರ್ಡ್ ಉಂಟಾ ಅಂತ ಒಬ್ರಾದ್ರೂ ಕೇಳಿದ್ರಾ? ದಿನದ ಸ್ವೈಪ್ ಲಿಮಿಟ್ ಆ್ಯಪಲ್ಲಿ ಏರಿಸಿದ್ರಾಯ್ತು.

ಧಾರವಾಡ ಪೇಡಾ: ಗೌಡ್ರ, ‘ಆಮೇಲೆ’ ಬಂದ್ರೂ ಬಂದಂಗ ಅಲ್ಲೇನು? ವೆಚ್ಚ ಅಂದ್ರ ಕಡೀಕ ಕೈಬಿಟ್ಟು ಹೋಗಿದ್ದು.

ಜಿಎಸ್‌ಟಿ ಗೌಡ್ರು: ನಿಮಗೆ ಒಪ್ಪಿಕೊಳ್ಳೋ ಗುಣ ಇಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ.

ಸ್ಟೇರಿಂಗ್ ಸೀನ: ಇಪ್ಪತ್ತು ವರ್ಷನಾ? ಜಿಎಸ್‌ಟಿ ಬಂದಿದ್ದೇ 2017ರಲ್ಲಿ 😂

ಜಿಎಸ್‌ಟಿ ಗೌಡ್ರು: ಅದಕ್ಕೂ ಮುಂಚೆ ವ್ಯಾಟ್ ಇತ್ತು, ಸರ್ವಿಸ್ ಟ್ಯಾಕ್ಸ್ ಇತ್ತು. ನಿಮಗೆಲ್ಲಿ ಗೊತ್ತಿರತ್ತೆ? ಗಟ್ಟಿಯಾಗಿ ನಿಂತು ಗೆದ್ದೆ ಅಂದ್ಕೊಂಡಿದೀರಲ್ಲ, ನಿಮ್ಮ ಇನ್‌ವಾಯ್ಸಲ್ಲಿ ಹ್ಯಾಂಡ್ಲಿಂಗ್ ಚಾರ್ಜ್, ಆಕ್ಸೆಸರೀಸ್ ಕಿಟ್ ಅಂತ ಎಷ್ಟು ತುರುಕಿದಾರೆ ನೋಡ್ಕೊಳ್ಳಿ.

ಸ್ಟೇರಿಂಗ್ ಸೀನ: ಕಿಟ್ ನಾನೇ ಕೇಳಿ ಹಾಕಿಸ್ಕೊಂಡಿದ್ದು.

ಲೆಕ್ಕದ ಮೇಷ್ಟ್ರು: ಅಲ್ಲಿಗೆ ‘ಒಂದು ಪೈಸೆ ಜಾಸ್ತಿ ಕೊಟ್ಟಿಲ್ಲ’ದ ಕಥೆ ಬಯಲಾಯ್ತು.

ಮಂಡ್ಯ ಬೆಲ್ಲ: ಇಷ್ಟೆಲ್ಲಾ ಯಾಕ್ರಪ್ಪಾ, ಕ್ಯಾಶ್ ಎಣಿಸ್‌ಬುಟ್ಟು ಕೀ ಇಸ್ಕೊಂಡ್ ಬರೋದಪ್ಪ.

ಲೆಕ್ಕದ ಮೇಷ್ಟ್ರು: 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋ ಹಾಗಿಲ್ಲ, ಇನ್‌ಕಮ್ ಟ್ಯಾಕ್ಸ್ ಕಾನೂನು. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. ಯಾವ ಡೀಲರ್ ಮುಟ್ತಾನೆ?

ಮಂಡ್ಯ ಬೆಲ್ಲ: ಒಂದೂ ತೊಂಬತ್ತು ಕ್ಯಾಶು, ಮಿಕ್ಕಿದ್ದು ಫೋನ್ ಪೇ.

ಲೆಕ್ಕದ ಮೇಷ್ಟ್ರು: ಅಷ್ಟು ನೋಟು ಬ್ಯಾಂಕಿಂದ ತಂದು ಅಲ್ಲಿ ಎಣಿಸೋ ಬದಲು ಫೋನಲ್ಲಿ ಆರ್‌ಟಿಜಿಎಸ್ ಒತ್ತೋಕೆ ಏನು ರೋಗ?

ಹೊಸ ಗಾಡಿ: ಕುಡ್ಲದವರೇ, ನಂದು ರುಪೇನೇ. ಸೇಲ್ಸ್‌ನವ್ರಿಗೆ ಫೋನ್ ಮಾಡಿ ಸುತ್ತೋಲೆ ವಿಷ್ಯ ಹೇಳ್ದೆ. ‘ಡೆಬಿಟ್ಟಿಗೆ ಬೇಡ ಬಿಡಿ ಸಾರ್, ಆದ್ರೆ ನಮ್ಮ ಮಷಿನಲ್ಲಿ ಒಂದು ಸಲಕ್ಕೆ 1 ಲಕ್ಷ ಮಾತ್ರ’ ಅಂದ್ರು. ಮೂರು ಸಲ ಉಜ್ಬೇಕಾ?

ಧಾರವಾಡ ಪೇಡಾ: ಉಜ್ರೀ. ನೋಡ್ರೀ ಗೌಡ್ರ, ಸುತ್ತೋಲೆ ಅಂದ ಕೂಡ್ಲೇ ಬಿಟ್ಟ.

ಜಿಎಸ್‌ಟಿ ಗೌಡ್ರು: ಸುತ್ತೋಲೆ ಇಲ್ಲ ಅಂತ ನಾನ್ಯಾವಾಗ ಅಂದೆ? ರುಪೇ ಅಲ್ದಿದ್ರೆ ಮೂರು ಸ್ವೈಪಿಗೆ ಮಿತಿ ಮೂರು ಸಲ ಲೆಕ್ಕಕ್ಕೆ ಬರ್ತಿತ್ತು, ಅದು ಹೊಳೀತಾ ನಿಮಗೆ?

ಧಾರವಾಡ ಪೇಡಾ: ಲಕ್ಷಕ್ಕ 0.9% ಅಂದ್ರ 900. ಮಿತಿ ಮುಟ್ಟೂದೇ ಇಲ್ಲ. ಕ್ಯಾಲ್ಕುಲೇಟರ್ ಕಳಸ್ಲೇನು?

ಜಿಎಸ್‌ಟಿ ಗೌಡ್ರು: 900 ಅಲ್ಲ, 1,062.