ಎರಡನೇ ಮಹಾಯುದ್ಧ ಶುರುವಾದ ಮೇಲೆ ನೂರಾರು ಕಾವಲು ಹಡಗು ಕಟ್ಟಿದ್ದು ಹೇಗೆ? ಕಟ್ಟಿದವರು ಯಾರು?

ಗದಗ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಗದಗ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಪ್ರವಾಸಕ್ಕೆ ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಬೀಚಿನ ಮೇಲೆ ನೌಕಾಪಡೆಯ ಹಳೇ ಹಡಗು ಐಎನ್‌ಎಸ್ ಚಪಲ್ ಅನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರಲ್ಲ, ಅದನ್ನು ನೋಡಿ ಬಂದ ಮೇಲೆ ಪ್ರಶ್ನೆ ನಿಲ್ಲುತ್ತಿಲ್ಲ. ನಾನೂ ಸ್ವಲ್ಪ ಓದಿದೆ. ಓದಿದಷ್ಟೂ ಗೊಂದಲ ಜಾಸ್ತಿಯಾಯಿತು.

ಮೊದಲ ಮಹಾಯುದ್ಧದಲ್ಲೇ ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿಗೆ ಬರುವ ಕಾಳು, ಎಣ್ಣೆ ಎಲ್ಲ ಮುಳುಗಿಸಿದ್ದವು. ಅಷ್ಟು ಅನುಭವಿಸಿದ ದೇಶ 1939ರಲ್ಲಿ ಸರಕಿನ ಹಡಗುಗಳನ್ನು ಕಾಯಲು ಸಾಕಷ್ಟು ಹಡಗು ಇಟ್ಟುಕೊಂಡಿರಲಿಲ್ಲ. ಯಾಕೆ? ಆಮೇಲೆ ಎರಡು ಮೂರು ವರ್ಷದಲ್ಲಿ ನೂರಾರು ಎಲ್ಲಿಂದ ಬಂದವು? ಯಾರಾದರೂ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳ್ತೀರಾ?

ಹಾನಗಲ್ ಹುಡುಗ:

ಸರ್, ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ. ದುಡ್ಡು ದೊಡ್ಡ ಹಡಗಿಗೆ ಹೋಯಿತು. 1922ರ ವಾಷಿಂಗ್ಟನ್ ಒಪ್ಪಂದ, 1930ರ ಲಂಡನ್ ಒಪ್ಪಂದ, ಎರಡರಲ್ಲೂ ಜಗಳ ನಡೆದಿದ್ದು ಬ್ಯಾಟಲ್‌ಶಿಪ್, ಕ್ರೂಸರ್‌ಗಳ ಲೆಕ್ಕದ ಮೇಲೆ. ಶಾಂತಿಕಾಲದಲ್ಲಿ ಕಾವಲು ಹಡಗು ಕೇಳಿದರೆ ಯಾವ ಮಂತ್ರಿ ಕೊಡುತ್ತಾನೆ? ಸ್ಲೂಪ್ ಅನ್ನುವ ಸಣ್ಣ ಹಡಗುಗಳನ್ನು ಅಷ್ಟಿಷ್ಟು ಕಟ್ಟುತ್ತಿದ್ದರು, ಅಷ್ಟೇ. ಜೊತೆಗೆ ನೀರಿನೊಳಗೆ ಶಬ್ದ ಕಳಿಸಿ ಸಬ್‌ಮರೀನ್ ಹುಡುಕುವ ಆಸ್ಡಿಕ್ ಯಂತ್ರ ಬಂದಿತ್ತು. ಇನ್ನು ಸಬ್‌ಮರೀನ್ ಕಾಟ ಮುಗಿಯಿತು ಅಂದುಕೊಂಡರು. ಅವು ರಾತ್ರಿ ನೀರಿನ ಮೇಲೆಯೇ ಬಂದು ಹೊಡೆದವು. ಅಲ್ಲಿ ಆಸ್ಡಿಕ್‌ಗೆ ಏನೂ ಸರಿಯಾಗಿ ಕೇಳುವುದಿಲ್ಲ.

ಎರಡನೆಯದಕ್ಕೆ ನಮ್ಮ ಫಿಟ್ಟರ್ ಕಾಕಾ ಬರಲಿ. ಅವರ ಸಬ್ಜೆಕ್ಟ್ ಇದು.

ಫಿಟ್ಟರ್ ಕಾಕಾ, ಹುಬ್ಬಳ್ಳಿ:

ಕರೆದೆಯಲ್ಲಪ್ಪಾ, ಬಂದೆ. ಮೇಷ್ಟ್ರೇ, ನಾನು ಹುಬ್ಬಳ್ಳಿ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನು. ನೌಕಾಪಡೆ ನನಗೆ ಗೊತ್ತಿಲ್ಲ. ಸ್ಟೀಮ್ ಇಂಜಿನ್ ಗೊತ್ತು. ಹಾಗಾಗಿ ಇಂಜಿನ್ ಕಡೆಯಿಂದಲೇ ಹೇಳುತ್ತೇನೆ. ನನ್ನ ಪ್ರಕಾರ ಇದನ್ನು ಬೇರೆ ಕಡೆಯಿಂದ ನೋಡಿದರೆ ಅರ್ಥವೇ ಆಗುವುದಿಲ್ಲ.

ಹಡಗಿನ ಮೈ ಕಟ್ಟುವುದು ಅಂಥ ದೊಡ್ಡ ಮಾತಲ್ಲ. ಪ್ಲೇಟ್ ಕತ್ತರಿಸಬೇಕು, ಬಗ್ಗಿಸಬೇಕು, ರಿವೆಟ್ ಹೊಡೆಯಬೇಕು. ಕೆಲಸ ಇರುವುದು ಒಳಗೆ. ಡಿಸ್ಟ್ರಾಯರ್ ಎಂಬ ವೇಗದ ಯುದ್ಧಹಡಗು ಅಂದರೆ ಸ್ಟೀಮ್ ಟರ್ಬೈನ್, ಹಬೆ ಹೊಡೆದು ತಿರುಗಿಸುವ ಚಕ್ರ. ಟರ್ಬೈನ್ ವಿಪರೀತ ಜೋರಾಗಿ ತಿರುಗುತ್ತದೆ. ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ನಡುವೆ ಆಳೆತ್ತರದ ಗೇರ್ ಬೇಕು. ಅದರ ಹಲ್ಲು ಒಂಚೂರು ಆಚೀಚೆ ಆದರೂ ಕಿರುಚುತ್ತದೆ, ತಿಂದುಹೋಗುತ್ತದೆ. ಅಂಥ ಗೇರ್ ಕಡಿಯುವ ಮಷೀನು ಇಡೀ ದೇಶದಲ್ಲಿ ಕೆಲವೇ ಇರುತ್ತವೆ. ಮಷೀನು ಹೇಗೋ ತರಬಹುದು ಅನ್ನಿ. ಅದರ ಮುಂದೆ ನಿಲ್ಲುವವನನ್ನು ಎಲ್ಲಿಂದ ತರುತ್ತೀರಿ?

ಬ್ರಿಟನ್ನಿನವರಿಗೆ ಇದು ಯುದ್ಧದ ಬಾಗಿಲಲ್ಲಿ ಹೊಳೆಯಿತು. ಸ್ಮಿತ್ಸ್ ಡಾಕ್ ಅಂತ ಒಂದು ಕಂಪನಿ. ಅಲ್ಲಿಯ ವಿಲಿಯಂ ರೀಡ್ ಒಂದು ದಾರಿ ತೋರಿಸಿದರು. ತಾವು ಮೊದಲೇ ಕಟ್ಟಿದ್ದ ‘ಸದರ್ನ್ ಪ್ರೈಡ್’ ಎಂಬ ತಿಮಿಂಗಿಲ ಬೇಟೆಯ ಹಡಗಿನ ನಕ್ಷೆಯನ್ನೇ ಹಿಗ್ಗಿಸಿ ಕಾವಲು ಹಡಗು ಮಾಡಿದರು. ಅದೇ ಫ್ಲವರ್ ಕ್ಲಾಸ್ ಕಾರ್ವೆಟ್. ಒಂದೊಂದಕ್ಕೂ ಒಂದು ಹೂವಿನ ಹೆಸರು. 1939ರ ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ 50ಕ್ಕಿಂತ ಜಾಸ್ತಿ ಆರ್ಡರ್ ಹೋಯಿತು.

ಉದ್ದ 205 ಅಡಿ. ಒಂದೇ ಪ್ರೊಪೆಲ್ಲರ್. ಟರ್ಬೈನ್ ಇಲ್ಲ, ಗೇರ್ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವ ನಾಲ್ಕು ಸಿಲಿಂಡರಿನ ಸ್ಟೀಮ್ ಇಂಜಿನ್, 2750 ಅಶ್ವಶಕ್ತಿ. ಎರಡು ಬಾಯ್ಲರ್. ಮೇಷ್ಟ್ರೇ, ಇದನ್ನು ಓದಿದಾಗ ನಾನು ನಕ್ಕೆ. ಇದು ನಮ್ಮ ಕೆಲಸ! ಪಿಸ್ಟನ್, ಕನೆಕ್ಟಿಂಗ್ ರಾಡ್, ವಾಲ್ವ್, ಬೇರಿಂಗ್. ರೈಲು ಇಂಜಿನ್ ರಿಪೇರಿ ಮಾಡುವವನಿಗೆ ಇದರಲ್ಲಿ ಹೊಸದು ಬಹಳ ಇಲ್ಲ. ಒಂದು ವ್ಯತ್ಯಾಸ ಇದೆ. ನಮ್ಮ ಇಂಜಿನ್ ಹಬೆಯನ್ನು ಒಂದು ಸಲ ಬಳಸಿ ಚಿಮಣಿಯಿಂದ ಬಿಟ್ಟುಬಿಡುತ್ತದೆ. ಆ ಸದ್ದೇ ಛುಕ್ ಛುಕ್. ಹಡಗಿನದು ಅದೇ ಹಬೆಯನ್ನು ಸಣ್ಣ ಸಿಲಿಂಡರ್, ಮಧ್ಯಮ, ಆಮೇಲೆ ಎರಡು ದೊಡ್ಡ ಸಿಲಿಂಡರ್ ಅಂತ ಮೂರು ಹಂತ ದುಡಿಸುತ್ತದೆ. ಕೊನೆಗೆ ತಣ್ಣಗೆ ಮಾಡಿ ನೀರು ಮಾಡಿಕೊಂಡು ಮತ್ತೆ ಬಾಯ್ಲರಿಗೆ ಹಾಕುತ್ತದೆ. ನಡುಸಮುದ್ರದಲ್ಲಿ ಸಿಹಿನೀರು ಎಲ್ಲಿ ಸಿಗಬೇಕು?

ಈಗ ಲೆಕ್ಕ ನೋಡಿ. ಈ ಜಾತಿಯ ಮೊದಲ ಹಡಗು ಗ್ಲಾಡಿಯೋಲಸ್. 1939ರ ಅಕ್ಟೋಬರ್‌ನಲ್ಲಿ ಕೆಲಸ ಶುರು, 1940ರ ಏಪ್ರಿಲ್‌ನಲ್ಲಿ ನೌಕಾಪಡೆಗೆ. ಆರು ತಿಂಗಳೂ ಪೂರ್ತಿ ಹಿಡಿಯಲಿಲ್ಲ. ನಮ್ಮ ಆಗಿನ ರಾಯಲ್ ಇಂಡಿಯನ್ ನೇವಿಗಾಗಿ ಗ್ಲಾಸ್ಗೋದಲ್ಲಿ ‘ಕಾವೇರಿ’ ಅಂತ ಒಂದು ಸ್ಲೂಪ್ ಕಟ್ಟಿದರು. ಟರ್ಬೈನ್, ಗೇರ್, ಒಳ್ಳೆ ತೋಪುಗಳು, ಎಲ್ಲ ಇದ್ದ ಹಡಗು. ಅದಕ್ಕೆ 1941ರ ಅಕ್ಟೋಬರ್‌ನಿಂದ 1943ರ ಅಕ್ಟೋಬರ್, ಎರಡು ವರ್ಷ. ಅದರ ಜೊತೆಯದೇ ‘ಕಿಸ್ತ್ನಾ’, ಅಂದರೆ ನಮ್ಮ ಕೃಷ್ಣಾ ನದಿ. ಅದಕ್ಕೂ ಎರಡು ವರ್ಷ.

ಇನ್ನು ಕಟ್ಟಿದವರು ಯಾರು ಅಂದಿರಿ. ಇದು ನನಗೆ ಬಹಳ ಇಷ್ಟದ ಭಾಗ.

ಆಸ್ಟ್ರೇಲಿಯಾದಲ್ಲಿ ಬಾಥರ್ಸ್ಟ್ ಕ್ಲಾಸ್ ಅಂತ 60 ಹಡಗು ಕಟ್ಟಿದರು. ಮೈನ್ (ಹಡಗು ಒಡೆಯಲು ನೀರಿನಲ್ಲಿ ಇಡುವ ಸಿಡಿಗುಂಡು) ತೆಗೆಯುವುದಕ್ಕೂ ಬೇಕು, ಕಾವಲಿಗೂ ಬೇಕು, ಎರಡೂ ಕೆಲಸದ ಹಡಗು. ಕಟ್ಟಿದವರಲ್ಲಿ ಮೇರಿಬರೋ ಊರಿನ ವಾಕರ್ಸ್ ಕಂಪನಿ ಒಂದು. ಅವರ ಹಳೇ ಕಸುಬು ರೈಲು ಇಂಜಿನ್ ಮತ್ತು ಕಬ್ಬು ಅರೆಯುವ ಮಷೀನು. ಸಂಗೂರು ಸಕ್ಕರೆ ಕಾರ್ಖಾನೆಯ ಗಾಣ ಮಾಡಿದವರು ಯುದ್ಧದ ಹಡಗು ಕಟ್ಟಿದರು ಅಂದುಕೊಳ್ಳಿ.

ಅಮೆರಿಕದಲ್ಲಿ ಡೆನ್ವರ್ ಅಂತ ಒಂದು ಊರು. ಸಮುದ್ರಮಟ್ಟದಿಂದ 1600 ಮೀಟರ್ ಎತ್ತರ, ಪಕ್ಕದಲ್ಲೇ ಬೆಟ್ಟ. ಕಡಲು ಸಾವಿರ ಕಿಲೋಮೀಟರಿಗಿಂತ ದೂರ. ಅಲ್ಲಿನ ಉಕ್ಕಿನ ಕಂಪನಿಗಳು ಎವರ್ಟ್ಸ್ ಕ್ಲಾಸ್ ಕಾವಲು ಹಡಗುಗಳ ಮೈಯನ್ನು ತುಂಡು ತುಂಡಾಗಿ ಮಾಡಿ ರೈಲಿಗೆ ಹಾಕಿದವು. ಕ್ಯಾಲಿಫೋರ್ನಿಯಾದ ಮೇರ್ ಐಲೆಂಡ್ ಯಾರ್ಡಿನಲ್ಲಿ ಜೋಡಿಸಿದರು. ಬ್ರಿಟನ್ನಿನ ಲಾಕ್ ಕ್ಲಾಸ್ ಫ್ರಿಗೇಟ್, ಅಂದರೆ ಕಾರ್ವೆಟ್ಟಿಗಿಂತ ದೊಡ್ಡ ಕಾವಲು ಹಡಗು, ಅದೂ ಹೀಗೇ. ಸೇತುವೆ ಕಟ್ಟುವ ಕಂಪನಿಗಳೆಲ್ಲ ಭಾಗ ಮಾಡಿ ಕಳಿಸಿದವು. ಒಂದೊಂದು ಭಾಗ ಎರಡೂವರೆ ಟನ್ ಮೀರಬಾರದು ಅಂತ ಮಿತಿ ಹಾಕಿಕೊಂಡಿದ್ದರು. ಸಣ್ಣ ಊರಿನ ಕ್ರೇನ್ ಎತ್ತಬೇಕು, ವ್ಯಾಗನ್ ಮೇಲೆ ಕೂರಬೇಕು, ಟನೆಲ್‌ನಲ್ಲಿ ಉಜ್ಜಬಾರದು. ರೈಲ್ವೆಯವನಿಗೆ ಇದು ಹೇಳದೆಯೇ ಗೊತ್ತಾಗುತ್ತದೆ.

ನಕ್ಷೆ ಬರೆಯುವವನು ಮೊದಲು ದೇಶದಲ್ಲಿ ಯಾವ ಗ್ಯಾರೇಜಿನಲ್ಲಿ ಯಾವ ಲೇತ್ ಇದೆ ಅಂತ ನೋಡಿದ. ಆಮೇಲೆ ಪೆನ್ಸಿಲ್ ಹಿಡಿದ. ಅದೇ ಅವರ ಜಾಣತನ.

ಸಪ್ತಾಪುರದಿಂದ:

ಕಾಕಾ, ಓದಲು ಚೆನ್ನಾಗಿದೆ. ಆದರೆ ನೀವು ವರ್ಕ್‌ಶಾಪ್ ಬಾಗಿಲಿನಲ್ಲೇ ನಿಂತುಬಿಟ್ಟಿರಿ. ಆ ಹಡಗಿನಲ್ಲಿ ಹೋದವರ ಗತಿ? ಫ್ಲವರ್ ಕಾರ್ವೆಟ್‌ನ ವೇಗ 16 ನಾಟ್, ಗಂಟೆಗೆ ಸುಮಾರು 30 ಕಿಲೋಮೀಟರ್. ನೀರಿನ ಮೇಲೆ ಓಡುವ ಜರ್ಮನ್ ಸಬ್‌ಮರೀನ್ 17. ಅಂದರೆ ಕಳ್ಳ ಪೊಲೀಸನಿಗಿಂತ ಜೋರು! ಅಟ್ಲಾಂಟಿಕ್‌ನಲ್ಲಿ ಆ ಹಡಗು ಹೊರಳಾಡುತ್ತಿದ್ದ ರೀತಿಗೆ ಒದ್ದೆ ಹುಲ್ಲಿನ ಮೇಲೂ ಉರುಳುತ್ತದೆ ಅಂತ ನಾವಿಕರು ಬೈಯುತ್ತಿದ್ದರು. ದಡದ ಹತ್ತಿರ ಓಡಾಡಲು ಅಂತ ಮಾಡಿದ ಹಡಗು. ತಗೊಂಡು ಹೋಗಿ ನಡುಸಮುದ್ರಕ್ಕೆ ಬಿಟ್ಟರು. ಮಲಗಲು ಜಾಗ ಇಲ್ಲ, ಬಟ್ಟೆ ಒಣಗುವುದಿಲ್ಲ.

ಕೆನಡಾದಲ್ಲಿ ಕಟ್ಟಿದ ಕೆಲವಕ್ಕೆ ತೋಪು ಕೂಡ ಸಿಕ್ಕಿರಲಿಲ್ಲ. ಮರದ ಸುಳ್ಳು ತೋಪು ಇಟ್ಟುಕೊಂಡು ಬ್ರಿಟನ್ನಿಗೆ ಹೋದವು. ಅಲ್ಲಿ ನದಿ ಚಳಿಗಾಲಕ್ಕೆ ಹೆಪ್ಪುಗಟ್ಟುತ್ತದೆ, ಅಷ್ಟರೊಳಗೆ ಹೊರಡದಿದ್ದರೆ ವಸಂತದವರೆಗೆ ಸಿಕ್ಕಿಬೀಳಬೇಕು. ಹಾಗಾಗಿ ಅರ್ಧಂಬರ್ಧ ಹಡಗನ್ನೇ ತಳ್ಳಿದರು. ಇದನ್ನೂ ಮಕ್ಕಳಿಗೆ ಹೇಳಿ ಮೇಷ್ಟ್ರೇ. ಮೊದಲೇ ಕಟ್ಟಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಫಿಟ್ಟರ್ ಕಾಕಾ, ಹುಬ್ಬಳ್ಳಿ:

ತಂಗೀ, ನೀ ಹೇಳಿದ್ದು ಖರೆ. ಯಾವುದೂ ಸುಳ್ಳಲ್ಲ. ಆದರೆ ಆಗ ಅವರ ಮುಂದೆ ಇದ್ದದ್ದು ಒಳ್ಳೆ ಹಡಗೋ ಕೆಟ್ಟ ಹಡಗೋ ಅನ್ನುವ ಆಯ್ಕೆ ಅಲ್ಲ. ಕೆಟ್ಟ ಹಡಗೋ, ಹಡಗೇ ಇಲ್ಲವೋ ಅನ್ನುವುದು. ಸರಕಿನ ಹಡಗುಗಳ ಗುಂಪಿನ ಸುತ್ತ ಯಾರೋ ಒಬ್ಬರು ಆಸ್ಡಿಕ್, ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯುವ ಬಾಂಬ್) ಇಟ್ಟುಕೊಂಡು ತಿರುಗುತ್ತಿದ್ದರೆ ಸಬ್‌ಮರೀನ್ ತಲೆ ತಗ್ಗಿಸಿ ಒಳಗೆ ಹೋಗಬೇಕು. ಒಳಗೆ ಹೋದರೆ ಅದರ ವೇಗ ಬಿತ್ತು. ಮುಳುಗಿಸದಿದ್ದರೂ ಕೆಲಸ ಆಯಿತು.

ವೇಗದ ತೊಂದರೆಗೆ ಅವರು ಮಾಡಿದ್ದು ನೋಡು. ರಿವರ್ ಕ್ಲಾಸ್ ಫ್ರಿಗೇಟ್ ತಂದರು. 301 ಅಡಿ ಉದ್ದ. ಅದಕ್ಕೆ ಹೊಸ ಇಂಜಿನ್ ಹುಡುಕಲಿಲ್ಲ. ಕಾರ್ವೆಟ್‌ನ ಅದೇ ನಮೂನೆಯ ಇಂಜಿನ್ ಎರಡು ಇಟ್ಟರು, ಪ್ರೊಪೆಲ್ಲರ್ ಎರಡು. ವೇಗ 20 ನಾಟ್ ಆಯಿತು. ಗೊತ್ತಿದ್ದ ಸಾಮಾನಿನಲ್ಲೇ ದಾರಿ ಹುಡುಕುವುದು ಅಂದರೆ ಇದು.

ನಮ್ಮವರ ಒಂದು ಘಟನೆಯನ್ನೂ ಸೇರಿಸುತ್ತೇನೆ. ಆ 60 ಬಾಥರ್ಸ್ಟ್ ಹಡಗಿನಲ್ಲಿ ನಾಲ್ಕು ಭಾರತಕ್ಕೆ ಬಂದವು. ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಸಿಡ್ನಿಯಲ್ಲಿ ಕಟ್ಟಿದ ‘ಬೆಂಗಾಲ್’ 1942ರ ನವೆಂಬರ್ 11ರಂದು ‘ಒಂಡಿನಾ’ ಎಂಬ ಡಚ್ ಟ್ಯಾಂಕರನ್ನು ಕಾಯುತ್ತಾ ಹಿಂದೂ ಮಹಾಸಾಗರದಲ್ಲಿ ಬರುತ್ತಿತ್ತು. ಎದುರಿಗೆ ಎರಡು ಜಪಾನಿ ದಾಳಿ ಹಡಗು, ಒಂದೊಂದೂ ಸುಮಾರು 10,000 ಟನ್. ಬೆಂಗಾಲ್ ಸಾವಿರ ಟನ್ನೂ ಇಲ್ಲದ್ದು, ಅದಕ್ಕೆ ಇದ್ದದ್ದು ಒಂದು ಸಣ್ಣ ತೋಪು. ಅದು ತಿರುಗಿ ಓಡಲಿಲ್ಲ, ನೇರ ಅವುಗಳ ಮೇಲೇ ಹೋಯಿತು. ಜಪಾನಿನ ‘ಹೊಕೊಕು ಮಾರು’ ಸಿಡಿದು ಮುಳುಗಿತು. ಬೆಂಗಾಲ್, ಒಂಡಿನಾ ಎರಡೂ ಏಟು ತಿಂದರೂ ಉಳಿದವು. ಅಂಗಡಿಯಲ್ಲಿ ಸಿಕ್ಕ ಸಾಮಾನಿನ ಹಡಗು ಅಂತ ಯಾರಾದರೂ ಹಗುರ ಮಾತಾಡಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಗದಗ ಮೇಷ್ಟ್ರು:

ಕಾಕಾರೇ, ಅಕ್ಕಾರೇ, ಇಬ್ಬರಿಗೂ ಧನ್ಯವಾದ. ಡೆನ್ವರ್ ವಿಷಯ ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ. ಒಂದು ಉಳಿಯಿತು. ಮೈನ್ ತೆಗೆಯುವ ಹಡಗು ಅಂದಿರಿ. ಅದು ಹೇಗೆ ತೆಗೆಯುತ್ತದೆ? ಇನ್ನೊಂದು, ನಾಳೆ ಯಾರಾದರೂ ಕಾರವಾರ ಬಂದರಿನ ಬಾಯಲ್ಲಿ ಮೈನ್ ಹಾಕಿದರೆ ತೆಗೆಯುವವರು ಯಾರು ಅಂತ ನನ್ನ ಕ್ಲಾಸಿನ ಒಬ್ಬ ಹುಡುಗ ಕೇಳುತ್ತಿದ್ದಾನೆ.

ಫಿಟ್ಟರ್ ಕಾಕಾ, ಹುಬ್ಬಳ್ಳಿ:

ಹಳೇ ಮೈನಿಗೆ ತಳದಲ್ಲಿ ಭಾರ, ಅಲ್ಲಿಂದ ಒಂದು ತಂತಿ, ಮೇಲೆ ತೇಲುವ ಗುಂಡು. ಹಡಗು ಬಡಿದರೆ ಸಿಡಿಯುತ್ತದೆ. ಇದಕ್ಕೆ ಹಡಗಿನ ಹಿಂದೆ ಓರೆಯಾಗಿ ಒಂದು ಉಕ್ಕಿನ ಹಗ್ಗ ನೀರೊಳಗೆ ಎಳೆಯುತ್ತಾರೆ. ಹೊಲದಲ್ಲಿ ಕುಂಟೆ ಹೊಡೆದಾಗ ಮಣ್ಣಿನೊಳಗೇ ಕಸದ ಬೇರು ಕತ್ತರಿಸುತ್ತದಲ್ಲ, ಹಾಗೆ. ಮೈನಿನ ತಂತಿ ಕಡಿಯುತ್ತದೆ, ಗುಂಡು ಮೇಲೆ ಬರುತ್ತದೆ, ರೈಫಲ್‌ನಿಂದ ಹೊಡೆಯುತ್ತಾರೆ. ಈ ಕೆಲಸವನ್ನು ಮೀನು ಹಿಡಿಯುವ ಟ್ರಾಲರ್ ಕೂಡ ಮಾಡುತ್ತಿತ್ತು. ಕಲ್ಕತ್ತಾದಲ್ಲೂ ಬ್ಯಾಸೆಟ್ ಕ್ಲಾಸ್ ಅಂತ ಅಂಥ ಟ್ರಾಲರ್‌ಗಳನ್ನು ಕಟ್ಟಿದರು.

1939ರಲ್ಲಿ ಜರ್ಮನ್ನರು ತಳದಲ್ಲೇ ಸುಮ್ನೆ ಮಲಗುವ ಮೈನ್ ತಂದರು. ಮೇಲೆ ಕಬ್ಬಿಣದ ಹಡಗು ಹೋದರೆ ಅದರ ಅಯಸ್ಕಾಂತ ಗುಣಕ್ಕೆ ಒಳಗಿನ ಸೂಜಿ ಆಡಿ ಸಿಡಿಯುತ್ತದೆ. ಮಕ್ಕಳಿಗೆ ತೋರಿಸಬೇಕಾ? ಒಂದು ದಿಕ್ಸೂಚಿಯನ್ನು ಸ್ಟಾಫ್ ರೂಮಿನ ಕಬ್ಬಿಣದ ಕಪಾಟಿನ ಹತ್ತಿರ ಒಯ್ಯಿರಿ. ಸೂಜಿ ತಿರುಗುತ್ತದೆ. ಮರದ ಬೆಂಚಿನ ಹತ್ತಿರ ಏನೂ ಆಗುವುದಿಲ್ಲ.

ಅಂಥ ಒಂದು ಮೈನ್ ವಿಮಾನದಿಂದ ತಪ್ಪಿ ಥೇಮ್ಸ್ ನದಿ ಬಾಯಿಯ ಕೆಸರಿನಲ್ಲಿ, ಶೂಬರಿನೆಸ್ ಹತ್ತಿರ, ಬಿತ್ತು. ನವೆಂಬರ್ 23ರಂದು ಜಾನ್ ಔವ್ರಿ ಎಂಬ ಅಧಿಕಾರಿ ಮತ್ತು ಜೊತೆಯವರು ಅದನ್ನು ಬಿಚ್ಚಿದರು. ಸಿಡಿದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಗುಟ್ಟು ಸಿಕ್ಕಿತು. ಆಮೇಲೆ ಎರಡು ಹಡಗು ಜೋಡಿಯಾಗಿ ಹೋಗಿ, ಹಿಂದೆ ತೇಲುವ ಕೇಬಲ್ ಎಳೆದು, ಅದರಲ್ಲಿ ತಡೆತಡೆದು ಕರೆಂಟ್ ಬಿಡುವ ಉಪಾಯ ಬಂತು. ಉಪ್ಪುನೀರೇ ಸರ್ಕ್ಯೂಟ್ ಮುಚ್ಚುತ್ತದೆ. ಮೈನ್ ದೂರದಲ್ಲೇ ಮೋಸಹೋಗಿ ಸಿಡಿಯುತ್ತದೆ. ಆದರೆ ಆ ಕೆಲಸಕ್ಕೆ ಹೋಗುವ ಹಡಗೇ ಕಬ್ಬಿಣದ್ದಾದರೆ? ಅದಕ್ಕೇ ಮರದ ಹಡಗು. ಮೀನಿನ ದೋಣಿ ಕಟ್ಟುತ್ತಿದ್ದ ಬಡಿಗರಿಗೆ ಕೆಲಸ ಬಂತು. ಶಬ್ದಕ್ಕೆ ಸಿಡಿಯುವ ಮೈನ್ ಬಂದಾಗ ರಸ್ತೆ ಒಡೆಯುವ ಕರೆಂಟ್ ಸುತ್ತಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಹಡಗಿನ ಮುಂದೆ ಕಟ್ಟಿ ಬಡಿಸಿದರು. 1944ರಲ್ಲಿ ನೀರಿನ ಒತ್ತಡಕ್ಕೆ ಸಿಡಿಯುವುದು ಬಂತು. ಅದಕ್ಕೆ ಸರಿಯಾದ ಮದ್ದು ಸಿಗಲಿಲ್ಲ, ಹಡಗು ನಿಧಾನ ಓಡಿಸಿ ಅಂದರು.

ಕಾರವಾರದ ಪ್ರಶ್ನೆಗೆ ಹಾನಗಲ್ ಹುಡುಗನೇ ಹೇಳಲಿ, ಪೇಪರ್ ಓದುವವನು ಅವನು.

ಹಾನಗಲ್ ಹುಡುಗ:

ಸರ್, ಹುಡುಗ ಸರಿಯಾದ ಕಡೆ ಕೈ ಇಟ್ಟಿದ್ದಾನೆ. ಮೈನ್ ತೆಗೆಯಲು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿಸಿ ತಂದ ಹಡಗುಗಳು ನಮ್ಮಲ್ಲಿದ್ದವು. ಒಂದರ ಹೆಸರೇ ಐಎನ್‌ಎಸ್ ಕಾರವಾರ. 1986ರಲ್ಲಿ ಬಂದು 2017ರಲ್ಲಿ ನಿವೃತ್ತಿಯಾಯಿತು. ಕೊನೆಯದು ಐಎನ್‌ಎಸ್ ಕೋಳಿಕ್ಕೋಡ್, 2019ರ ಏಪ್ರಿಲ್‌ನಲ್ಲಿ ಹೋಯಿತು. ಆಮೇಲೆ ಆ ಕೆಲಸಕ್ಕೆಂದೇ ಇರುವ ಹಡಗು ನಮ್ಮಲ್ಲಿಲ್ಲ. ಬೇರೆ ಹಡಗಿಗೆ ಜೋಡಿಸುವ ಸಾಮಾನಿನಲ್ಲಿ ಸುಧಾರಿಸುತ್ತಿದ್ದಾರೆ.

ಹುಬ್ಬಳ್ಳಿಯಿಂದ ರೈಲು ಹತ್ತಿದರೆ ವಾಸ್ಕೋ. ಅಲ್ಲಿಯ ಗೋವಾ ಶಿಪ್‌ಯಾರ್ಡ್‌ನಲ್ಲಿ ದಕ್ಷಿಣ ಕೊರಿಯಾದ ಕಂಪನಿಯ ಜೊತೆ ಸೇರಿ 12 ಹಡಗು ಕಟ್ಟುವ ಮಾತು ವರ್ಷಗಟ್ಟಲೆ ನಡೆದು 2018ರಲ್ಲಿ ಮುರಿದುಬಿತ್ತು. 2025ರ ಜುಲೈನಲ್ಲಿ ರಕ್ಷಣಾ ಇಲಾಖೆ ಮತ್ತೆ ಮೊದಲ ಹಂತದ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆಯಿಂದ ಹಡಗಿಗೆ ಎಷ್ಟು ದೂರ ಅನ್ನುವುದಕ್ಕೆ ಐಎನ್‌ಎಸ್ ಅರ್ನಾಳ ನೋಡಿ. ದಡದ ಹತ್ತಿರ ಸಬ್‌ಮರೀನ್ ಹುಡುಕುವ 77 ಮೀಟರಿನ ಹಡಗು. 2019ರಲ್ಲಿ ಕರಾರು, 2025ರ ಜೂನ್‌ನಲ್ಲಿ ನೌಕಾಪಡೆಗೆ. ಕಾಕಾ ಹೇಳಿದ ಗ್ಲಾಡಿಯೋಲಸ್‌ಗಿಂತ ಸ್ವಲ್ಪವೇ ಉದ್ದ, ಆದರೆ ಒಳಗೆ ತುಂಬಿರುವ ಸೋನಾರ್ (ಆಸ್ಡಿಕ್ಕಿನ ಈಗಿನ ಹೆಸರು), ಕಂಪ್ಯೂಟರ್ ಯಾವ ರೈಲ್ವೆ ಶೆಡ್‌ನಲ್ಲೂ ಆಗುವ ಕೆಲಸವಲ್ಲ. ಆರು ತಿಂಗಳ ಕಾಲ ಮತ್ತೆ ಬರುವುದಿಲ್ಲ. ಹುಡುಗನಿಗೆ ಸದ್ಯಕ್ಕೆ ಹೀಗೇ ಹೇಳಿ: ಮೈನ್ ತೆಗೆಯುವ ಹಡಗು ಬೇಕಾದರೆ ಈಗಲೇ ಕಟ್ಟಲು ಶುರು ಮಾಡಬೇಕು.