ಹಿಮೋಗ್ಲೋಬಿನ್ ಕಡಿಮೆ ಇದೆ, ಲಿವರ್ ತಿನ್ನಿ ಅಂತಾರೆ. ಎಷ್ಟು ತಿನ್ನಬೇಕು, ಹೇಗೆ ಮಾಡಬೇಕು?

ಹಸಿಮೆಣಸು:
ಎಲ್ಲರಿಗೂ ನಮಸ್ಕಾರ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.4 ಬಂದಿದೆ. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ, ಊಟದಲ್ಲೂ ಕಬ್ಬಿಣದ ಅಂಶ ಜಾಸ್ತಿ ಇರಲಿ ಅಂದರು. ಆಗಿನಿಂದ ಸಿಕ್ಕವರೆಲ್ಲ ಲಿವರ್ ತಿನ್ನು, ಲಿವರ್ ತಿನ್ನು ಅಂತ ಒಂದೇ ಸಮ ಹೇಳುತ್ತಿದ್ದಾರೆ. ಮಾಂಸ ನನಗೆ ಇಷ್ಟ, ಆದರೆ ಲಿವರ್ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯಲ್ಲಿ ಮಾಡಿದಾಗೆಲ್ಲ ಒಂದೋ ರಬ್ಬರ್ ಥರ ಆಗುತ್ತದೆ, ಇಲ್ಲವಾದರೆ ಹಿಟ್ಟುಹಿಟ್ಟಾಗಿ ಬಾಯೆಲ್ಲ ಕಹಿ. ದಿನಾ ತಿನ್ನಬಹುದಾ? ಕೋಳಿಯದು ಒಳ್ಳೆಯದಾ, ಕುರಿಯದಾ? ಮೈಯ ವಿಷವೆಲ್ಲ ಲಿವರ್‌ನಲ್ಲೇ ಕೂತಿರುತ್ತದೆ ಅಂತ ಒಬ್ಬರು ಹೆದರಿಸಿದರು, ಅದು ನಿಜವಾ? ವಾಸನೆ ಬರದ ಹಾಗೆ ಮಾಡುವುದು ಗೊತ್ತಿದ್ದವರು ದಯವಿಟ್ಟು ಹೇಳಿ.

ಲ್ಯಾಬ್‌ಕೋಟ್:
ವಿಷದ ಮಾತು ಮೊದಲು ಮುಗಿಸೋಣ. ಲಿವರ್ ವಿಷ ತುಂಬಿಡುವ ಗೋದಾಮಲ್ಲ. ಬೇಡದ್ದನ್ನು ಅದು ಬೇರೆ ರೂಪಕ್ಕೆ ತಿರುಗಿಸಿ ಪಿತ್ತರಸದ ಜೊತೆಗೋ ಮೂತ್ರದ ಜೊತೆಗೋ ಹೊರಗೆ ಕಳಿಸುತ್ತದೆ. ಅದು ಕೂಡಿಡುವುದು ಮುಖ್ಯವಾಗಿ ವಿಟಮಿನ್ ಎ, ಬಿ12, ಕಬ್ಬಿಣ, ತಾಮ್ರ ಇಂಥವನ್ನು. ಕ್ಯಾಡ್ಮಿಯಂ ಥರದ ಲೋಹಗಳು ವಯಸ್ಸಾದ ಪ್ರಾಣಿಯ ಲಿವರ್, ಕಿಡ್ನಿಯಲ್ಲಿ ಸ್ವಲ್ಪ ಸೇರುವುದು ನಿಜ. ಅದಕ್ಕೇ ಎಳೆಯ ಪ್ರಾಣಿಯದು ತಗೊಳ್ಳಿ, ಅಷ್ಟೇ.

ಕಬ್ಬಿಣದ ವಿಷಯ. 100 ಗ್ರಾಂ ಹಸಿ ಕೋಳಿ ಲಿವರ್‌ನಲ್ಲಿ ಸುಮಾರು 9 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಕುರಿಯದರಲ್ಲಿ 7ರ ಆಸುಪಾಸು. ಅಷ್ಟೇ ತೂಕದ ಪಾಲಕ್ ಸೊಪ್ಪಿನಲ್ಲಿ 3 ಮಿಲಿಗ್ರಾಂ ಕೂಡ ಇಲ್ಲ. ಅದಕ್ಕಿಂತ ದೊಡ್ಡ ವಿಷಯ ಏನೆಂದರೆ, ಲಿವರ್‌ನ ಕಬ್ಬಿಣದಲ್ಲಿ ಒಂದು ಪಾಲು ಹೀಮ್ ರೂಪದಲ್ಲಿ (ಹಿಮೋಗ್ಲೋಬಿನ್‌ನಲ್ಲಿ ಇರುವ ಥರದ್ದು) ಇರುತ್ತದೆ, ಅದನ್ನು ಮೈ ಸೊಪ್ಪು ಕಾಳಿನ ಕಬ್ಬಿಣಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ. ಉಳಿದ ಪಾಲಿಗೆ ನಿಂಬೆರಸ ಸಹಾಯ ಮಾಡುತ್ತದೆ, ಊಟದ ಜೊತೆ ಕುಡಿಯುವ ಟೀ, ಕಾಫಿ ಅಡ್ಡ ಬರುತ್ತವೆ. ಫೋಲೇಟ್ (ರಕ್ತಕಣ ತಯಾರಾಗಲು ಬೇಕಾದ ಬಿ ವಿಟಮಿನ್) ಕೂಡ ಚೆನ್ನಾಗಿದೆ, ಪ್ರೋಟೀನ್ 17ರಿಂದ 20 ಗ್ರಾಂ.

ಆದರೆ ದಿನಾ ಬೇಡ. ಕಾರಣ ವಿಟಮಿನ್ ಎ. ದೊಡ್ಡವರಿಗೆ ದಿನಕ್ಕೆ 700ರಿಂದ 900 ಮೈಕ್ರೋಗ್ರಾಂ ಸಾಕು, 3,000 ದಾಟಬಾರದು ಅಂತ ಲೆಕ್ಕ. 100 ಗ್ರಾಂ ಕೋಳಿ ಲಿವರ್‌ನಲ್ಲೇ 3,300ರಷ್ಟು ಇದೆ, ಕುರಿಯದರಲ್ಲಿ 7,000ಕ್ಕೂ ಮೇಲೆ. ಒಂದು ದಿನ ಜಾಸ್ತಿ ಆದರೆ ಏನೂ ಆಗುವುದಿಲ್ಲ, ಆದರೆ ಹೆಚ್ಚಾದ ಎ ಬೇಗ ಹೊರಗೆ ಹೋಗದೆ ನಮ್ಮ ಲಿವರ್‌ನಲ್ಲೇ ಕೂಡುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಸಾಕು. ನಿಮಗೆ ಬೇಕಾದ್ದು ಕಬ್ಬಿಣ, ಹಾಗಾಗಿ ಕೋಳಿಯದೇ ವಾಸಿ. ಕಬ್ಬಿಣ ಸ್ವಲ್ಪ ಜಾಸ್ತಿ, ಎ ಅರ್ಧಕ್ಕಿಂತ ಕಡಿಮೆ.

ಬೆಳಗಿನಕಾಫಿ:
ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗರ್ಭಿಣಿಯಾಗಿದ್ದರೆ, ಅಥವಾ ಆ ಯೋಚನೆ ಇದ್ದರೆ ಲಿವರ್ ಬೇಡವೇ ಬೇಡ. ಎ ಜಾಸ್ತಿಯಾದರೆ ಮಗುವಿಗೆ ತೊಂದರೆ. ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲು ನೋವು) ಇರುವವರೂ ದೂರ ಇರಬೇಕು, ಯೂರಿಕ್ ಆಸಿಡ್ ಏರುತ್ತದೆ.

ಇನ್ನೊಂದು, ಹಿಮೋಗ್ಲೋಬಿನ್ ಕಡಿಮೆ ಅಂದ ತಕ್ಷಣ ಕಬ್ಬಿಣದ ಕೊರತೆ ಅಂತಲೇ ಅಲ್ಲ. ಬಿ12 ಕೊರತೆ ಇರಬಹುದು, ತಲಸ್ಸೇಮಿಯಾ (ವಂಶದಿಂದ ಬರುವ ಹಿಮೋಗ್ಲೋಬಿನ್ ತೊಂದರೆ) ಅಂಶ ಇರಬಹುದು, ಒಳಗೆ ಎಲ್ಲೋ ರಕ್ತ ಸೋರುತ್ತಿರಬಹುದು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದ್ದೀರಾ? 1926ರಲ್ಲಿ ಮಿನೋಟ್, ಮರ್ಫಿ ಎಂಬ ಅಮೆರಿಕದ ವೈದ್ಯರು ಪರ್ನಿಶಿಯಸ್ ಅನೀಮಿಯಾ (ಮೈ ಬಿ12 ಹೀರಿಕೊಳ್ಳದೆ ಬರುವ ರಕ್ತಹೀನತೆ) ಇದ್ದವರಿಗೆ ದಿನಾ ಲಿವರ್ ತಿನ್ನಿಸಿ ಉಳಿಸಿದರು. ಆಗ ಅದು ಜೀವ ತೆಗೆಯುವ ಕಾಯಿಲೆ. 1934ರಲ್ಲಿ ವಿಪಲ್ ಎಂಬ ಇನ್ನೊಬ್ಬ ಅಮೆರಿಕದ ವೈದ್ಯರ ಜೊತೆ ಅವರಿಗೆ ನೊಬೆಲ್ ಕೂಡ ಬಂತು. ಆ ರೋಗಿಗಳನ್ನು ಉಳಿಸಿದ್ದು ಕಬ್ಬಿಣ ಅಲ್ಲ, ಬಿ12. ಅದನ್ನು ಬೇರ್ಪಡಿಸಿದ್ದೇ 1948ರಲ್ಲಿ. ಹಾಗಾಗಿ ಕಾರಣ ಗೊತ್ತಿಲ್ಲದೆ ಸುಮ್ನೆ ಲಿವರ್ ತಿಂದುಕೊಂಡು ಕೂರಬೇಡಿ, ಮಾತ್ರೆಯನ್ನಂತೂ ಬಿಡಬೇಡಿ.

ಒಗ್ಗರಣೆ:
ಪಾಠ ಆಯ್ತಲ್ಲ, ಈಗ ಒಲೆ ಹಚ್ಚೋಣ. 😄

ಕಹಿ ಬರುವುದು ಪಿತ್ತಕೋಶದಿಂದ. ಕೋಳಿ ಲಿವರ್ ತಂದಾಗ ಎಲ್ಲಾದರೂ ಹಸಿರು ಬಣ್ಣ ಹತ್ತಿದೆಯಾ ನೋಡಿ, ಆ ಜಾಗ ಕತ್ತರಿಸಿ ಬಿಸಾಡಿ. ತೊಳೆದರೆ ಹೋಗುವುದಿಲ್ಲ. ಕುರಿಯದಾದರೆ ಮೇಲಿನ ತೆಳು ಪೊರೆ ಸುಲಿದು, ಒಳಗಿನ ದಪ್ಪ ನಾಳ ತೆಗೆಯಿರಿ. ಬಾಯಿಗೆ ಸಿಗುವ ಗಟ್ಟಿ ಎಳೆ ಅದೇ. ಆಮೇಲೆ ಅರ್ಧ ಗಂಟೆ ಹಾಲಿನಲ್ಲಿ ನೆನೆಸಿಡಿ, ವಾಸನೆ ಸುಮಾರಾಗಿ ಇಳಿಯುತ್ತದೆ. ಹಾಲು ಚೆಲ್ಲಿ, ತುಂಡುಗಳನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒರೆಸದೆ ಹಾಕಿದರೆ ಹುರಿಯುವ ಬದಲು ತನ್ನ ನೀರಿನಲ್ಲೇ ಬೇಯುತ್ತದೆ, ಎಣ್ಣೆಯೂ ಸಿಡಿಯುತ್ತದೆ.

ರಬ್ಬರ್ ಆಗುವುದಕ್ಕೆ ಒಂದೇ ಕಾರಣ, ಜಾಸ್ತಿ ಬೇಯಿಸುವುದು. ಮಾಂಸದ ಹಾಗೆ ಇದು ಬೆಂದಷ್ಟೂ ಮೆತ್ತಗಾಗುವ ಪದಾರ್ಥ ಅಲ್ಲ. ಹೊತ್ತು ಜಾಸ್ತಿಯಾದರೆ ನೀರೆಲ್ಲ ಹಿಂಡಿ ಹೋಗಿ ಒಣಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಮೊದಲೇ ಬೇರೆಯಾಗಿ ಕೆಂಪಗೆ ಹುರಿದು ತೆಗೆದಿಡಿ. ಅದೇ ಬಾಣಲೆ ಚೆನ್ನಾಗಿ ಕಾಯಲಿ, ತುಂಡುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಹಾಕಿ ಎರಡು ಮೂರು ನಿಮಿಷ ಕೈ ಹಾಕದೆ ಬಿಡಿ. ತಿರುಗಿಸಿ ಇನ್ನೆರಡು ನಿಮಿಷ. ಈಗ ಹುರಿದ ಈರುಳ್ಳಿ, ಉಪ್ಪು, ಕಾಳುಮೆಣಸಿನ ಪುಡಿ. ಇಳಿಸಿ ನಿಂಬೆರಸ ಹಿಂಡಿ. ದಪ್ಪ ತುಂಡನ್ನು ಕತ್ತರಿಸಿ ನೋಡಿ, ಒಳಗೆ ಕೆಂಪು ರಸ ಇರಬಾರದು. ಮೇಲೆ ಮಾತ್ರ ಬೆಂದ ಕೋಳಿ ಲಿವರ್ ತಿಂದು ಹೊಟ್ಟೆ ಕೆಡಿಸಿಕೊಂಡವರು ತುಂಬಾ ಜನ, ಬ್ಯಾಕ್ಟೀರಿಯಾ ಒಳಗೂ ಇರುತ್ತದೆ.

ಸಾರು ಅಥವಾ ಗ್ರೇವಿ ಬೇಕಾದರೆ ಗ್ರೇವಿ ಪೂರ್ತಿ ಕುದಿದು ರೆಡಿ ಆಗಲಿ, ಲಿವರ್ ಕೊನೆಗೆ ಹಾಕಿ ಆರೇಳು ನಿಮಿಷ. ಕುಕ್ಕರಿಗೆ ಮಾತ್ರ ಹಾಕಬೇಡಿ.

ಹಸಿಮೆಣಸು:
ಎಲ್ಲರಿಗೂ ಥ್ಯಾಂಕ್ಸ್. ನಾನು ಹಾಕುತ್ತಿದ್ದದ್ದೇ ಕುಕ್ಕರಿಗೆ, ಮೂರು ವಿಷಲ್! ಫೆರಿಟಿನ್ ನೋಡಿದ್ದಾರೆ, ಅದೂ ಕಡಿಮೆ ಇದೆ. ಗರ್ಭಿಣಿ ಅಲ್ಲ. ಇಷ್ಟೆಲ್ಲ ಮಾಡಿಯೂ ರುಚಿ ಹಿಡಿಸದಿದ್ದರೆ ಏನು ಮಾಡಲಿ?

ಒಗ್ಗರಣೆ:
ಹಾಗಾದರೆ ಬಚ್ಚಿಡಿ. ನಾಲ್ಕು ಪಾಲು ಖೀಮಾಗೆ ಒಂದು ಪಾಲು ಲಿವರ್ ಸಣ್ಣಗೆ ಕೊಚ್ಚಿ ಸೇರಿಸಿದರೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಇಲ್ಲಾಂದ್ರೆ ಬೆಂದ ಕೋಳಿ ಲಿವರನ್ನು ಹುರಿದ ಈರುಳ್ಳಿ, ಬೆಣ್ಣೆ, ಕಾಳುಮೆಣಸು ಹಾಕಿ ನುಣ್ಣಗೆ ರುಬ್ಬಿ ಬ್ರೆಡ್ಡಿಗೆ ಸವರಿಕೊಳ್ಳಿ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಖಾಲಿ ಮಾಡಿ.

ಲ್ಯಾಬ್‌ಕೋಟ್:
ಅದೂ ಹಿಡಿಸಲಿಲ್ಲ ಅಂದರೆ ಬಿಟ್ಟುಬಿಡಿ. ಮಾತ್ರೆಯಲ್ಲಿ ಇರುವಷ್ಟು ಕಬ್ಬಿಣ ಯಾವ ಲಿವರ್‌ನಲ್ಲೂ ಸಿಗುವುದಿಲ್ಲ.