ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರ ಗುಂಪು) ಮೀಟಿಂಗ್ ಹುಡುಕುವುದು ಹೇಗೆ, ಮೊದಲ ದಿನ ಅಲ್ಲಿ ಎಂತ ನಡೆಯುತ್ತದೆ?

ಪ್ರಶ್ನೆ (ಪೆರ್ಲದಿಂದ, ಗೃಹಿಣಿ): ನಮಸ್ಕಾರ ಮೇಡಂ. ಯಜಮಾನರಿಗೆ 44 ವರ್ಷ. ದಿನಾ ಒಂದು ಕ್ವಾರ್ಟರ್, ಕೆಲವು ದಿನ ಎರಡು. ಬೆಳಿಗ್ಗೆ ಸ್ವಲ್ಪ ಹೊಟ್ಟೆಗೆ ಬಿದ್ದ ಮೇಲೆಯೇ ಚಹಾದ ಗ್ಲಾಸು ಹಿಡಿಯಲಿಕ್ಕೆ ಆಗುವುದು, ಅಷ್ಟು ಕೈನಡುಕ. ಈಗ ಅವರೇ "ಎ.ಎ. ಮೀಟಿಂಗಿಗೆ ಹೋಗ್ತೇನೆ" ಅಂತಿದ್ದಾರೆ. ಮಲಯಾಳ ಅರ್ಥ ಆಗ್ತದೆ, ಮಾತಾಡಲಿಕ್ಕೆ ಬರುವುದಿಲ್ಲ. ಎಲ್ಲಿ ವಿಚಾರಿಸುವುದು? ಮೊದಲೇ ಪೂರ್ತಿ ನಿಲ್ಲಿಸಬೇಕಾ?

ಉತ್ತರ (ಮನೋರೋಗ ವಿಭಾಗದ ಸಮಾಜ ಕಾರ್ಯಕರ್ತೆ): ಅವರ ಬಾಯಿಂದಲೇ ಆ ಮಾತು ಬಂದದ್ದು ದೊಡ್ಡದು ಅಕ್ಕ. ಆದರೆ ಬೆಳಿಗ್ಗೆ ಕೈ ನಡುಗುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು. ದಿನಾ ಬೀಳುವ ಮದ್ಯದ ಮಂಪರಿಗೆ ಎದುರಾಗಿ ಮೆದುಳು ತನ್ನ ಚುರುಕು ಏರಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಆ ಏರಿದ ಚುರುಕಿಗೆ ತಡೆ ಇರುವುದಿಲ್ಲ. ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಗೋಡೆಯ ಮೇಲೆ ಇಲ್ಲದ ಹುಳ ಕಾಣುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ. ಜೀವಕ್ಕೆ ಅಪಾಯ ಇರುವುದು ಇಲ್ಲಿಯೇ. ಅದಕ್ಕೆ ಮೊದಲು ಡಾಕ್ಟರು, ಅವರು ದಿನದಿಂದ ದಿನಕ್ಕೆ ಡೋಸ್ ಇಳಿಸುತ್ತಾ ಮಾತ್ರೆ ಕೊಡುತ್ತಾರೆ. "ಗ್ಲೂಕೋಸ್ ಹಾಕಿಸಿದ್ರೆ ಸರಿಯಾಗ್ತದೆ" ಅಂತ ಕುಡಿತದ ವಿಷಯ ಮುಚ್ಚಿಟ್ಟು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಡಿ. ಇಂಥವರ ಮೈಯಲ್ಲಿ ವಿಟಮಿನ್ ಬಿ1 ಕಡಿಮೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು.

ನಮ್ಮ ಕಾಸರಗೋಡು ಜಿಲ್ಲೆಗೆ ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ' ಅನ್ನುವ ಚಟ ಬಿಡಿಸುವ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ ಉಂಟು. ವಿಮುಕ್ತಿಯ ಉಚಿತ ಸಂಖ್ಯೆ 14405. ಕನ್ನಡದಲ್ಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ ಭಾಷೆ ಆರಿಸಿಕೊಳ್ಳಿ.

ಮೀಟಿಂಗಿಗೆ ಹೋಗಲು ಪೂರ್ತಿ ಬಿಟ್ಟಿರಬೇಕೆಂದಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅಲ್ಲಿ ಸದಸ್ಯನಾಗಲು ಇರುವ ಷರತ್ತು ಒಂದೇ: ಕುಡಿತ ಬಿಡುವ ಆಸೆ. ಫೀಸು ಇಲ್ಲ. ಎ.ಎ.ಯ ಭಾರತದ ವೆಬ್‌ಸೈಟಿನ ಸಂಖ್ಯೆಗೆ ಕರೆ ಮಾಡಿ ಮೂರು ಸಂಗತಿ ಕೇಳಿ: ಮೀಟಿಂಗ್ ಯಾವ ಭಾಷೆಯಲ್ಲಿ, ಓಪನ್ನಾ ಕ್ಲೋಸ್ಡಾ, ಈ ವಾರವೂ ನಡೆಯುತ್ತಿದೆಯಾ. ಮೂರನೆಯದನ್ನು ಬಿಡಬೇಡಿ. ಹಳೆಯ ಪಟ್ಟಿ ನಂಬಿ ಹೋಗಿ ಬೀಗ ಕಂಡವನು ಮತ್ತೆ ಹೊರಡುವುದು ಕಷ್ಟ. ಓಪನ್ ಆದರೆ ನೀವೂ ಕೂರಬಹುದು. ಕ್ಲೋಸ್ಡ್ ಆದರೆ ಬಿಡಬೇಕೆನ್ನುವವರಿಗೆ ಮಾತ್ರ.

ಭಾಷೆಯ ಚಿಂತೆ ಬೇಡ. ಕಾಸರಗೋಡಿನ ಕಡೆ ಮಲಯಾಳ ಮೀಟಿಂಗಿನಲ್ಲಿ ಕೇಳಿಸಿಕೊಂಡು, ತನ್ನ ಸರದಿಯಲ್ಲಿ ಕನ್ನಡ, ತುಳುವಿನಲ್ಲಿ ಎರಡು ಮಾತು ಹೇಳಿದರೂ ಸಾಕು. ಕನ್ನಡದ್ದೇ ಬೇಕಾದರೆ ಮಂಗಳೂರು. ಕುಂಬಳೆಯಿಂದ ರೈಲು ಉಂಟು. ಸಂಜೆ ಮೀಟಿಂಗ್ ಮುಗಿದ ಮೇಲೆ ಪೆರ್ಲಕ್ಕೆ ಕೊನೆಯ ಬಸ್ಸು ಸಿಗುತ್ತದಾ ಎಂದು ಲೆಕ್ಕ ಹಾಕಿಯೇ ಮೀಟಿಂಗ್ ಆರಿಸಿ. ಬಸ್ಸು ತಪ್ಪಿ ಬಾರಿನ ಎದುರು ನಿಲ್ಲುವ ಹಾಗೆ ಆಗಬಾರದು.

ಪ್ರಶ್ನೆ (ಅದೇ ಅಕ್ಕ): ಒಳಗೆ ಎಂತ ಮಾಡಿಸ್ತಾರೆ? ಅವರಿಗೆ ನಾಚಿಕೆ ಜಾಸ್ತಿ.

ಉತ್ತರ: ಒಂದರಿಂದ ಒಂದೂವರೆ ಗಂಟೆ. ವೃತ್ತದಲ್ಲೋ ಸಾಲಿನಲ್ಲೋ ಕುರ್ಚಿ. ಒಬ್ಬರು ಸಂಸ್ಥೆಯ ಉದ್ದೇಶ ಓದುತ್ತಾರೆ, ಚಿಕ್ಕ ಪ್ರಾರ್ಥನೆ ಇರುತ್ತದೆ, ಆಮೇಲೆ ಒಬ್ಬೊಬ್ಬರೇ ಕೆಲವು ನಿಮಿಷ ಮಾತಾಡುತ್ತಾರೆ. ಇದಕ್ಕೆ ಶೇರಿಂಗ್ ಅನ್ನುವುದು. ಮಧ್ಯೆ ಬಾಯಿ ಹಾಕುವುದು, ಬುದ್ಧಿ ಹೇಳುವುದು ಅಲ್ಲಿ ಇಲ್ಲ. ತನ್ನ ಸರದಿ ಬಂದಾಗ ಹೆಸರು ಹೇಳಿ "ಇವತ್ತು ಕೇಳಿಸಿಕೊಳ್ಳುತ್ತೇನೆ" ಅಂದರೆ ಮುಂದಿನವರಿಗೆ ಹೋಗುತ್ತದೆ. ಮನೆತನ, ಊರು, ಕೆಲಸ ಯಾರೂ ಕೇಳುವುದಿಲ್ಲ. ಕಾಣಿಕೆಯ ಚೀಲ ಬಂದರೆ ಹೊಸಬರು ಹಾಗೆಯೇ ದಾಟಿಸಬಹುದು. ಹತ್ತು ನಿಮಿಷ ಮೊದಲೇ ಹೋಗಿ, ಮುಗಿದ ಮೇಲೆ ಚಹಾಕ್ಕೆ ನಿಂತು ಇಬ್ಬರ ಫೋನ್ ನಂಬರು ತೆಗೆದುಕೊಳ್ಳಲಿ. ಮದುವೆ, ಭೂತಕೋಲದ ರಾತ್ರಿ ಕೈಗೆ ಗ್ಲಾಸು ಬರುವ ಮೊದಲು ಆ ನಂಬರಿಗೆ ಕರೆ ಹೋಗಬೇಕು. ಮೊದಲನೆಯದು ಹಿಡಿಸದಿದ್ದರೆ ಐದಾರು ಮೀಟಿಂಗ್ ನೋಡಿ ತೀರ್ಮಾನಿಸಲಿ. ಗುಂಪಿನಿಂದ ಗುಂಪಿಗೆ ಹದ ಬೇರೆ.

ಪ್ರಶ್ನೆ (ಮುಳ್ಳೇರಿಯದಿಂದ): ಸಾಂಬಾರಿಗೆ ಗುಟ್ಟಾಗಿ ಬೆರೆಸುವ ಮಾತ್ರೆ ಕೊಟ್ಟರೆ ಮೀಟಿಂಗೇ ಬೇಡ ಅಂತಾರಲ್ಲ?

ಉತ್ತರ (ಫಾರ್ಮಸಿಸ್ಟ್): ದಯವಿಟ್ಟು ಬೇಡ. ಅದು ಹೆಚ್ಚಾಗಿ ಡೈಸಲ್ಫಿರಾಂ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದು, ಬಿ.ಪಿ. ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಕುಡಿಯುವವನಿಗೆ ಗೊತ್ತಿದ್ದು, ಒಪ್ಪಿ, ಕೊನೆಯ ಕುಡಿತದಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ಡಾಕ್ಟರ ಚೀಟಿಯಲ್ಲಿ ಮಾತ್ರ ಶುರು ಮಾಡುವ ಮಾತ್ರೆ. ನಿಲ್ಲಿಸಿದ ಮೇಲೂ 14 ದಿನದವರೆಗೆ ಅದರ ಪ್ರಭಾವ ಉಳಿಯಬಹುದು. ದಶಮೂಲಾರಿಷ್ಟದಂಥ ಅರಿಷ್ಟ, ಆಸವಗಳಲ್ಲೂ ಮದ್ಯಾಂಶ ಇರುತ್ತದೆ, ಕೆಲವು ಕೆಮ್ಮಿನ ಸಿರಪ್ಪಿನಲ್ಲೂ. ಈ ಮಾತ್ರೆಯ ಮೇಲೆ ಅವೂ ಅಪಾಯ.

ಪ್ರಶ್ನೆ (ಬದಿಯಡ್ಕದಿಂದ): ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಆಗಬಹುದಾ?

ಉತ್ತರ (ಸಮಾಜ ಕಾರ್ಯಕರ್ತೆ): ಆಗಬಹುದು, ಎಂಟು ದಿನದ್ದು, ಕನ್ನಡದಲ್ಲಿ. ಕೈನಡುಕ ಇದ್ದವರು, ಹಿಂದೆ ಫಿಟ್ಸ್ ಬಂದವರು ಹೋಗುವ ಮೊದಲು ಡಾಕ್ಟರಿಗೆ ತೋರಿಸಿ, ಶಿಬಿರದವರಿಗೂ ಹೇಳಿ. ಎಂಟು ದಿನ ಮುಗಿಸಿ ಹಾರ ಹಾಕಿಸಿಕೊಂಡು ಬಂದವರು ನವಜೀವನ ಸಮಿತಿಯ (ಶಿಬಿರ ಮುಗಿಸಿದವರ ಗುಂಪು) ಸಭೆ ತಪ್ಪಿಸಿದಲ್ಲಿಂದ ಜಾರುವುದು ಶುರು. ಜಾರಿದರೂ ಕುಡಿಯದ ದಿನಗಳ ಎಣಿಕೆ ಮತ್ತೆ ಒಂದರಿಂದ, ಬಾಗಿಲು ಹಾಕಿರುವುದಿಲ್ಲ. ಕುಡಿಯುವವರ ಮನೆಯವರಿಗೆ, ಹದಿಹರೆಯದ ಮಕ್ಕಳಿಗೆ ಬೇರೆಯೇ ಗುಂಪು ಉಂಟು, ಅಲ್-ಅನಾನ್, ಅಲಟೀನ್ ಅಂತ. ಪೆರ್ಲದ ಅಕ್ಕ, ಯಜಮಾನರು ಈ ವಾರ ಹೊರಡದಿದ್ದರೂ ನೀವು ಅಲ್ಲಿಗೆ ಕರೆ ಮಾಡಬಹುದು.